ಲೇಥ್‌ನಿಂದ ಸಿಎನ್‌ಸಿಗೆ: ಉದ್ಯಮಬಾಗದ ಟರ್ನರ್ ಮೊದಲು ಏನು ಕಲಿಯಬೇಕು

ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಓಡುವ ಲೇಥ್, ಬಂದರೆ ಲೇಥ್ ಓಡಿಸುವ ಟರ್ನರ್‌ಗಳ ಕೆಲಸ ಹೋಗುತ್ತದೆಯೇ? ಹ್ಯಾಂಡಲ್ ತಿರುಗಿಸುವ ಕೆಲಸ ಆಗಲೇ ಹೋಗಿದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಯಿಂದ ಬಂದ ಕಾಸ್ಟಿಂಗ್‌ಗಳನ್ನು ನೂರರ ಲೆಕ್ಕದಲ್ಲಿ ಒಂದೇ ಸೈಜಿಗೆ ತರಬೇಕೆಂದರೆ ಹಳೆ ಲೇಥ್‌ಗೆ ಪೂರೈಸುವುದಿಲ್ಲ. ಉಳಿದಿರುವುದು ಸೆಟ್ಟಿಂಗ್, ಅಳತೆ, ಕೆಟ್ಟ ಮಾಲು ಗುರುತಿಸುವುದು. ಜಾಬ್ (ಕಡಿಯಬೇಕಾದ ಮಾಲು) ಕಟ್ಟಿ ಹಸಿರು ಬಟನ್ ಒತ್ತುವುದನ್ನಷ್ಟೇ ಕಲಿತು ಕೂತರೆ ಅದೂ ಉಳಿಯುವುದಿಲ್ಲ. ಲೋಡಿಂಗ್‌ಗೆ ಗ್ಯಾಂಟ್ರಿ, ರೋಬೋಟ್ ಎರಡೂ ಸಿಗುತ್ತವೆ. ಹಾಗಾಗಿ ಕಲಿಯುವ ಕ್ರಮ ಮುಖ್ಯ.

ಎಲ್ಲರೂ ಪ್ರೋಗ್ರಾಂನಿಂದ ಶುರು ಮಾಡುತ್ತಾರೆ. ನೀವು ಆಫ್‌ಸೆಟ್‌ನಿಂದ, ಅಂದರೆ ಟೂಲಿನ ಜಾಗ ತಿದ್ದಲು ಮಷೀನಿಗೆ ಕೊಡುವ ಅಂಕಿಯಿಂದ, ಶುರು ಮಾಡಿ. ಟೂಲಿನ ಕಡಿಯುವ ತುದಿಯಾದ ಇನ್ಸರ್ಟ್ ಸವೆದಂತೆ ಸೈಜ್ ಸರಿಯುತ್ತದೆ, ಅದನ್ನು ಸವೆತಕ್ಕೆಂದೇ ಇರುವ ವೇರ್ ಆಫ್‌ಸೆಟ್‌ನಲ್ಲಿ ತಿದ್ದಬೇಕು. ಹೊರ ವ್ಯಾಸ 40.00 ಮಿ.ಮೀ. ಬೇಕಿದ್ದು 40.04 ಬಂದರೆ ಆ ಟೂಲಿನ ಎಕ್ಸ್‌ಗೆ (ವ್ಯಾಸದ ದಿಕ್ಕಿನ ಅಂಕಿಗೆ) ಮೈನಸ್ 0.04 ಕೂಡಿಸಿ. ಬೋರ್ (ಒಳ ವ್ಯಾಸ) 40.00 ಬೇಕಿದ್ದು 39.96 ಬಂದರೆ ಪ್ಲಸ್ 0.04. ಲೇಥ್‌ನಲ್ಲಿ ಎಕ್ಸ್ ಸಾಮಾನ್ಯವಾಗಿ ವ್ಯಾಸದ ಲೆಕ್ಕದಲ್ಲೇ ಇರುವುದರಿಂದ ಅರ್ಧ ಮಾಡಬೇಕಿಲ್ಲ. ಫಾನುಕ್ ಕಂಪನಿಯ ಕಂಟ್ರೋಲ್‌ನಲ್ಲಿ ಇನ್‌ಪುಟ್ ಒತ್ತಿದರೆ ಹಳೆ ಅಂಕಿ ಅಳಿಸಿ ಹೊಸದು ಕೂರುತ್ತದೆ. ಪ್ಲಸ್ ಇನ್‌ಪುಟ್ ಒತ್ತಿದರೆ ಹಳೆಯದಕ್ಕೆ ಕೂಡುತ್ತದೆ. ಇವೆರಡನ್ನೂ ಅದಲುಬದಲು ಮಾಡಿ ಹಾಳಾದ ಜಾಬ್‌ಗಳಿಗೆ ಲೆಕ್ಕವಿಲ್ಲ. ಇನ್ನೊಂದು ಬಲೆ ಡೆಸಿಮಲ್ ಪಾಯಿಂಟ್. ಪ್ಯಾರಾಮೀಟರ್ ಬದಲಿಸದ ಮಷೀನಿನಲ್ಲಿ ಪಾಯಿಂಟ್ ಇಲ್ಲದೆ ‘ಎಕ್ಸ್ 40’ ಎಂದು ಬರೆದರೆ ಅದು 40 ಮಿ.ಮೀ. ಅಲ್ಲ, 40 ಮೈಕ್ರಾನ್, ಅಂದರೆ 0.04 ಮಿ.ಮೀ. ಟೂಲ್ ಸೀದಾ ಸೆಂಟರಿಗೆ ನುಗ್ಗುತ್ತದೆ.

ಆಮೇಲೆ ಸ್ಪೀಡ್. ಕಾರ್ಬೈಡ್ ಇನ್ಸರ್ಟ್‌ನಲ್ಲಿ ಗ್ರೇ ಕಾಸ್ಟ್ ಐರನ್‌ಗೆ ಕಟಿಂಗ್ ಸ್ಪೀಡ್ ನಿಮಿಷಕ್ಕೆ 150 ಮೀಟರ್ ಹಿಡಿಯೋಣ. 150ನ್ನು 1000ದಿಂದ ಗುಣಿಸಿ, 3.14 ಮತ್ತು ವ್ಯಾಸದಿಂದ ಭಾಗಿಸಿ: 100 ಮಿ.ಮೀ. ವ್ಯಾಸಕ್ಕೆ ಸುಮಾರು 477 ಆರ್‌ಪಿಎಂ. ಕಟಿಂಗ್ ಸ್ಪೀಡ್ ಒಂದೇ ಇಡುವ ಜಿ96 ಕೋಡ್ ಹಾಕಿ ಫೇಸಿಂಗ್ (ಮುಖ ಸಮ ಮಾಡುವುದು) ಮಾಡುವಾಗ ಟೂಲ್ 20 ಮಿ.ಮೀ. ವ್ಯಾಸಕ್ಕೆ ಬಂದಾಗ ಅದೇ 2387 ಆಗುತ್ತದೆ, ಸೆಂಟರ್ ಹತ್ತಿರವಾದಷ್ಟೂ ಏರುತ್ತಲೇ ಹೋಗುತ್ತದೆ. ಜಾಬ್ ಹಿಡಿಯುವ ಚಕ್ ಜೋರಾಗಿ ತಿರುಗಿದಷ್ಟೂ ಅದರ ದವಡೆಗಳಾದ ಜಾ ಹೊರಕ್ಕೆ ಎಳೆದುಕೊಂಡು ಹಿಡಿತ ಸಡಿಲವಾಗುತ್ತದೆ. ಡೊಂಕು ಕಾಸ್ಟಿಂಗ್ ಆದರೆ ಬಾಗಿಲು ಒಡೆದು ಹಾರಬಹುದು. ಅದಕ್ಕೇ ಜಿ96ಗೆ ಮೊದಲು ಜಿ50 ಎಸ್1500 (1500 ಆರ್‌ಪಿಎಂ ಮೀರಬೇಡ) ಥರ ಮಿತಿ ಇರಲೇಬೇಕು. ಎಷ್ಟೆಂಬುದನ್ನು ಚಕ್ ಮತ್ತು ಜಾಬ್ ನೋಡಿ ನಿರ್ಧರಿಸಿ.

ಹಳೆ ಟರ್ನರ್ ಗೆಲ್ಲುವ ಜಾಗ ಕಾಸ್ಟಿಂಗ್. ಮೇಲ್ಪದರದಲ್ಲಿ ಮರಳು ಅಂಟಿರುತ್ತದೆ, ತೆಳು ಮೂಲೆಗಳು ಬೇಗ ತಣಿದು ಚಿಲ್ ಆಗಿ ಗಾಜಿನಂತೆ ಗಟ್ಟಿಯಾಗಿರುತ್ತವೆ. ಮೊದಲ ಕಟ್ ಆ ಪದರದ ಕೆಳಗೇ ಇಳಿಯಬೇಕು, ಅರ್ಧ ಮಿ.ಮೀ. ಕೆರೆದರೆ ಇನ್ಸರ್ಟ್ ತುದಿ ಮರಳಲ್ಲೇ ಉಜ್ಜಿ ಸಾಯುತ್ತದೆ. ಒಳಗಿನ ಟೊಳ್ಳು ಮಾಡುವ ಮರಳಿನ ಅಚ್ಚು, ಅಂದರೆ ಕೋರ್, ಸರಿದ ಕಾಸ್ಟಿಂಗ್‌ನಲ್ಲಿ ಒಂದು ಬದಿ 4 ಮಿ.ಮೀ. ಮಾಲಿದ್ದರೆ ಇನ್ನೊಂದು ಬದಿ ಏನೂ ಇರುವುದಿಲ್ಲ. ಮುಟ್ಟಿ ಅಳೆಯುವ ಪ್ರೋಬ್ ಇಲ್ಲದ ಮಷೀನಿಗೆ ಇದು ಗೊತ್ತಾಗುವುದಿಲ್ಲ, ಅದು ಗಾಳಿಯನ್ನೂ ಅಷ್ಟೇ ಶ್ರದ್ಧೆಯಿಂದ ಕಡಿಯುತ್ತದೆ. ಕಟ್ ಬಿಟ್ಟುಬಿಟ್ಟು ಬರುವ ಸದ್ದು ಕೇಳಿದ ಕೂಡಲೇ ಟೂಲಿನ ಓಟ ನಿಲ್ಲಿಸುವ ಫೀಡ್ ಹೋಲ್ಡ್ ಒತ್ತುವ ಕಿವಿ ನಿಮಗೆ ಆಗಲೇ ಇದೆ.

ತೆಳು ರಿಂಗ್‌ಗಳ ತಕರಾರು ಬೇರೆ. ಹೈಡ್ರಾಲಿಕ್ ಪ್ರೆಷರ್ ಜಾಸ್ತಿಯಾದರೆ ಮೂರು ಜಾ ಒತ್ತಿ ಜಾಬ್ ಬಾಗುತ್ತದೆ, ಬಾಗಿದ್ದಾಗಲೇ ಬೋರ್ ದುಂಡಾಗುತ್ತದೆ, ಬಿಚ್ಚಿದ ಮೇಲೆ ಮೂರು ಉಬ್ಬಿನ ಆಕಾರ ಬರುತ್ತದೆ. ಎರಡು ಕಡೆ ಮುಟ್ಟುವ ಬೋರ್ ಗೇಜಿಗೆ ಇದು ಸಿಗದೇ ಇರಬಹುದು: ಎಲ್ಲಿ ತಿರುಗಿಸಿದರೂ ಸೈಜ್ ಸರಿ, ಪ್ಲಗ್ ಗೇಜ್ ಮಾತ್ರ ಒಳಗೆ ಹೋಗುವುದಿಲ್ಲ. ಇನ್ಸ್‌ಪೆಕ್ಟರ್ ಜತೆ ಜಗಳಕ್ಕೆ ಇಳಿಯುವ ಮೊದಲು ಪ್ರೆಷರ್ ಇಳಿಸಿ, ಕಡಿಯಲು ಬರುವ ಸಾಫ್ಟ್ ಜಾ ಹಾಕಿ ಅವನ್ನು ಆ ಜಾಬಿನ ವ್ಯಾಸಕ್ಕೇ ಬೋರ್ ಮಾಡಿ, ಆದಷ್ಟು ಸುತ್ತಳತೆ ಹಿಡಿಯುವಂತೆ ಅಗಲ ಜಾ ಬಳಸಿ.

ಫಿನಿಶ್ ಒರಟಾದರೆ ಮೊದಲು ನೋಡಬೇಕಾದ್ದು ಫೀಡ್, ಅಂದರೆ ಒಂದು ಸುತ್ತಿಗೆ ಟೂಲ್ ಸರಿಯುವ ದೂರ. ಟೂಲ್ ಬಿಡುವ ಗೆರೆಯ ಎತ್ತರ ಫೀಡ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ: 0.8 ಮಿ.ಮೀ. ನೋಸ್ ರೇಡಿಯಸ್‌ಗೆ (ಇನ್ಸರ್ಟ್ ತುದಿಯ ದುಂಡಿಗೆ) 0.2 ಮಿ.ಮೀ. ಫೀಡ್‌ನಲ್ಲಿ ಸುಮಾರು 6 ಮೈಕ್ರಾನ್, 0.1ರಲ್ಲಿ ಒಂದೂವರೆ.

ನಡುವೆ ಕರೆಂಟ್ ಹೋದರೆ ಅರ್ಧದಿಂದ ಓಡಿಸಬೇಡಿ. ಟೂಲನ್ನು ಜಾಬಿನಿಂದ ಹಿಂದೆ ಸರಿಸಿ, ಇನ್ಸರ್ಟ್ ತುದಿ ಚೂರಾಗಿದೆಯೇ ನೋಡಿ, ಬೇಕಿದ್ದರೆ ಹೋಮ್ ಮಾಡಿ (ಮಷೀನನ್ನು ಅದರ ಮೂಲ ಜಾಗಕ್ಕೆ ತನ್ನಿ), ಆ ಟೂಲಿನ ಮೊದಲ ಬ್ಲಾಕ್‌ನಿಂದ ಒಂದೊಂದೇ ಸಾಲು ಓಡಿಸುವ ಸಿಂಗಲ್ ಬ್ಲಾಕ್‌ನಲ್ಲಿ, ರಾಪಿಡ್ (ಕಡಿಯದೆ ಓಡುವ ವೇಗ) ಕಡಿಮೆ ಇಟ್ಟು ಬನ್ನಿ.

ಪ್ರೋಗ್ರಾಂ ಇಷ್ಟಾದ ಮೇಲೆ. ಜಿ00 (ವೇಗದ ಓಟ), ಜಿ01 (ನೇರ ಕಟ್), ಜಿ02, ಜಿ03 (ಕಮಾನು ಕಟ್), ಜಿ71 (ರಫಿಂಗ್), ಜಿ70 (ಫಿನಿಶಿಂಗ್) ಇಷ್ಟು ಬಂದರೆ ಟರ್ನಿಂಗ್‌ನ ಬಹುಪಾಲು ದಾಟಬಹುದು. ಮೊಬೈಲ್ ಸಿಮ್ಯುಲೇಟರ್‌ನಲ್ಲೇ ಅಭ್ಯಾಸವಾಗುತ್ತದೆ. ಕೂತು ಕಲಿಯಬೇಕೆಂದರೆ ಬೆಳಗಾವಿಯ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ವಿಚಾರಿಸಿ.

ಹೊಸ ಕೆಲಸಕ್ಕೆ ಸೇರುವಾಗ ಪಗಾರದ ಜತೆ ಇನ್ನೊಂದು ಕೇಳಿ: ಆಪರೇಟರ್‌ಗೆ ಆಫ್‌ಸೆಟ್ ತಿದ್ದಲು ಬಿಡುತ್ತಾರೆಯೇ, ಇಲ್ಲ ಕೀ ಹಾಕಿಟ್ಟು ಸೆಟ್ಟರ್‌ನನ್ನೇ ಕರೆಯಬೇಕೇ? ಕೀ ಹಾಕಿಟ್ಟಿದ್ದರೆ, ಜಾಬ್ ಬದಲಾಗುವ ಶಿಫ್ಟ್‌ನಲ್ಲೇ ಡ್ಯೂಟಿ ಹಾಕಿಸಿಕೊಂಡು, ಸೆಟ್ಟರ್ ಪಕ್ಕದಲ್ಲಿ ನಿಂತು ಜಾ ಬೋರ್, ಇನ್ಸರ್ಟ್ ಗ್ರೇಡ್, ಪ್ರೆಷರ್, ಮೊದಲ ಪೀಸಿನ ಅಳತೆ ನಿಮ್ಮದೇ ವಹಿಯಲ್ಲಿ ಬರೆದುಕೊಳ್ಳಿ.