ಸಾನ್ಯಾದಲ್ಲಿ ರೂಮ್ ಮಾಡದೆ ಹೈನಾನ್ ಸುತ್ತಿದ್ದು: ನನ್ನ ಅನುಭವ

"ಹೈನಾನ್‌ಗೆ ಹೋಗಿ ಸಾನ್ಯಾದಲ್ಲಿ ಉಳಿಯಲ್ಲ ಅಂದ್ರೆ ಹೋಗೋದಾದ್ರೂ ಯಾಕಣ್ಣ?" ಚೀನಾದ ವುಹಾನಿನಲ್ಲಿರುವ ನಮ್ಮ ಹಾಸ್ಟೆಲಿನ ಜೂನಿಯರ್‌ಗಳು ಎಲ್ಲರೂ ಇದನ್ನೇ ಕೇಳಿದರು. ಸಾನ್ಯಾ ಅಂದರೆ ಹೈನಾನ್ ದ್ವೀಪದ ಹೆಸರಾದ ಬೀಚ್ ಊರು. ನಾನು ಉಳಿಯೋಣ ಅಂದಿದ್ದು ಅದೇ ದ್ವೀಪದ ವಾನ್ನಿಂಗಿನಲ್ಲಿ. ನನ್ನ ಬ್ಯಾಚಿನವರಂತೂ "ವಾನ್ನಿಂಗ್ ಅಂದ್ರೆ ಎಲ್ಲಿ ಬಂತೋ ಮಾರಾಯ" ಎಂದು ಪ್ಲಾನನ್ನೇ ತಳ್ಳಿಹಾಕಿದ್ದರು. ಈಗ ಹೋಗಿ ಬಂದಾಗಿದೆ. ಹದಿನೈದು ಹದಿನಾರು ಜನ ಇದ್ದೆವು. ಒಂದು ವಾರದ ಮೇಲೆ ಸುತ್ತಿದೆವು. ತಲೆಗೆ ಸುಮಾರು 1,800 ಯುವಾನ್ ಬಿತ್ತು, ನಮ್ಮ ದುಡ್ಡಲ್ಲಿ ಇಪ್ಪತ್ತೊಂದು ಇಪ್ಪತ್ತೆರಡು ಸಾವಿರ. ಅದೇ ಚಳಿಗಾಲದಲ್ಲಿ ಏಜೆಂಟ್ ಹಿಡಿದು ಹೋದ ಇನ್ನೊಂದು ಗುಂಪು ನಮಗಿಂತ ಕಡಿಮೆ ದಿನಕ್ಕೆ 3,500 ಕೊಟ್ಟು ಬಂದಿತ್ತು. ಊಟದ ಖರ್ಚು ಅದರಲ್ಲಿ ಸೇರಿರಲಿಲ್ಲ.

ವುಹಾನ್ ಚಳಿ ಹೇಗಿರುತ್ತೆ ಅಂತ ಇಲ್ಲಿ ಎಂಬಿಬಿಎಸ್ ಓದುವವರಿಗೆ ನಾನು ಹೇಳಬೇಕಿಲ್ಲ. ಉತ್ತರ ಚೀನಾದ ಹಾಗೆ ಊರಿಗೆಲ್ಲ ಹೀಟಿಂಗ್ ಕೂಡ ಇಲ್ಲ. ಸೆಮಿಸ್ಟರ್ ಪರೀಕ್ಷೆ ಮುಗಿದ ಕೂಡಲೇ ಎಲ್ಲರಿಗೂ ನೆನಪಾಗುವುದು ಹೈನಾನ್. ಚೀನಾದ ತೆಂಕಣ ತುದಿಯ ದ್ವೀಪ, 1988ರಿಂದ ಬೇರೆಯದೇ ಪ್ರಾಂತ್ಯ. ಜನವರಿಯಲ್ಲೂ ಅಲ್ಲಿ ತೋಳಿಲ್ಲದ ಬನಿಯನ್ ಹಾಕಿಕೊಂಡು ಓಡಾಡಬಹುದು.

ನಮಗಿಂತ ಮೊದಲು ಹೋಗಲು ನೋಡಿದವರೆಲ್ಲ ಕೆಟ್ಟಿದ್ದು ತಾರೀಖಿನಲ್ಲಿ. ಚೀನೀ ಹೊಸ ವರ್ಷಕ್ಕೆ ಹದಿನೈದು ದಿನ ಇರುವಾಗ "ಚುನ್‌ಯುನ್" ಶುರುವಾಗುತ್ತೆ. ನಲವತ್ತು ದಿನ ಇಡೀ ದೇಶ ರೈಲಲ್ಲೇ ಇರುತ್ತೆ. ಆಗ ಸಾನ್ಯಾದಲ್ಲಿ 250 ಯುವಾನಿನ ರೂಮು ಸಾವಿರ ದಾಟುತ್ತೆ. ಸೀನಿಯರ್‌ಗಳ ಒಂದು ಗುಂಪು ಹಬ್ಬದ ವಾರದಲ್ಲೇ ಹೊರಟಿತ್ತು. ರೂಮಿನ ರೇಟ್ ನೋಡಿ ಗುವಾಂಗ್‌ಝೌನಿಂದಲೇ ವಾಪಸ್ ಬಂತು. ಹಬ್ಬದ ನಂತರ ಹೋಗೋಣ ಅಂದರೆ ಮಂಜಿನ ಕಾಟ. 2018ರ ಫೆಬ್ರವರಿಯಲ್ಲಿ ದ್ವೀಪಕ್ಕೂ ಮುಖ್ಯ ಭೂಮಿಗೂ ನಡುವಿನ ಚ್ಯೊಂಗ್‌ಝೌ ಜಲಸಂಧಿಯಲ್ಲಿ ಮಂಜು ಕವಿದು ಹಡಗುಗಳು ನಿಂತು, ದ್ವೀಪದ ಉತ್ತರ ದಡದ ರಾಜಧಾನಿ ಹೈಕೌನ ಬಂದರಿನ ಹತ್ತಿರ ಸಾವಿರಾರು ಕಾರುಗಳು ದಿನಗಟ್ಟಲೆ ಸಿಕ್ಕಿಹಾಕಿಕೊಂಡಿದ್ದವು. ಉಳಿಯುವುದು ಒಂದೇ ಕಿಂಡಿ: ನಮ್ಮ ಪರೀಕ್ಷೆ ಮುಗಿದು ಚುನ್‌ಯುನ್ ಶುರುವಾಗುವ ಮೊದಲಿನ ದಿನಗಳು. ಹಬ್ಬ ಯಾವ ತಾರೀಖಿಗೆ ಬಿದ್ದಿದೆ ಅಂತ ಸೆಪ್ಟೆಂಬರಿನಲ್ಲೇ ನೋಡಿಟ್ಟುಕೊಳ್ಳಿ. ಕೆಲವು ವರ್ಷ ಈ ಕಿಂಡಿ ತೀರಾ ಸಣ್ಣದು. ಅಂಥ ವರ್ಷ ಹೋಗಲೇಬೇಡಿ.

ಇನ್ನು ದುಡ್ಡು. ಗುಂಪಿನ ಟ್ರಿಪ್ ಮುರಿಯುವುದು ದಾರಿಯಲ್ಲಲ್ಲ, ವಿಚಾಟ್ ಗ್ರೂಪಿನಲ್ಲಿ. "ನಾನೂ ಬರ್ತೀನಿ ಕಣೋ" ಎಂದವರು ಮೂವತ್ತು ಜನ ಇದ್ದರು. 500 ಯುವಾನ್ ಅಡ್ವಾನ್ಸ್ ಹಾಕಿ ಎಂದ ತಕ್ಷಣ ಹೆಚ್ಚುಕಮ್ಮಿ ಅರ್ಧ ಜನ ಮಾಯ. ಅದು ಒಳ್ಳೆಯದೇ ಆಯಿತು. ಇಲ್ಲಿ ರೈಲ್ವೆ ಟಿಕೆಟ್ ಪಾಸ್‌ಪೋರ್ಟ್ ಹೆಸರಿಗೇ ಬರುವುದು, ಒಬ್ಬರ ಟಿಕೆಟಿನಲ್ಲಿ ಇನ್ನೊಬ್ಬರು ಹೋಗುವಂತಿಲ್ಲ. ಆದರೆ ಹೊರಡಲು 8 ದಿನಕ್ಕಿಂತ ಜಾಸ್ತಿ ಇರುವಾಗ ರದ್ದು ಮಾಡಿದರೆ ದುಡ್ಡು ಪೂರ್ತಿ ವಾಪಸ್. ಆಮೇಲೆ 5 ಪರ್ಸೆಂಟ್ ಕಟ್, ಕೊನೆಯ ದಿನ ಬಂದರೆ 20. ಅದಕ್ಕೇ ನಾನು ಹೊರಡುವುದಕ್ಕೆ 9 ದಿನ ಮುಂಚಿನ ರಾತ್ರಿಯನ್ನು ಗಡುವು ಮಾಡಿದೆ. ಅಷ್ಟರೊಳಗೆ ಬಿಟ್ಟರೆ ಎಲ್ಲ ವಾಪಸ್, ಆಮೇಲೆ ಬಿಟ್ಟರೆ ರೂಮಿನ ಪಾಲೂ ಹೋಯಿತು. ಇಬ್ಬರು ಆ ರಾತ್ರಿಯೇ ಬಿಟ್ಟರು, ಯಾರಿಗೂ ಒಂದು ಯುವಾನ್ ಲುಕ್ಸಾನಾಗಲಿಲ್ಲ. ರೈಲ್ವೆಯವರು ಟಿಕೆಟ್ ಮಾರಾಟಕ್ಕೆ ಬಿಡುವುದು 15 ದಿನ ಮುಂಚೆ. ನಾಲ್ಕು ಜನ ನಾಲ್ಕು ಮೊಬೈಲಿನಲ್ಲಿ ಕೂತು, ಒಂದೊಂದು ಆರ್ಡರಿಗೆ ನಾಲ್ಕೈದು ಹೆಸರು ಹಾಕಿ ಒಟ್ಟಿಗೇ ಒತ್ತಿದೆವು. ಪಾಸ್‌ಪೋರ್ಟ್ ವೆರಿಫಿಕೇಶನ್ ರೈಲ್ವೆ ಆಪಿನಲ್ಲಿ ವಾರದ ಹಿಂದೆಯೇ ಮುಗಿದಿರಬೇಕು, ಇಲ್ಲದಿದ್ದರೆ ಆ ಹೊತ್ತಿಗೆ ಆಪ್ ಒಳಗೇ ಬಿಡಲ್ಲ.

ವಿಮಾನ ಬೇಡ, ರೈಲೇ ಎಂದು ನಾನು ಹಟ ಹಿಡಿದಿದ್ದೆ. ಹಾರ್ಡ್ ಸ್ಲೀಪರಿಗೆ ಒಂದು ಕಡೆಗೆ 400 ಚಿಲ್ಲರೆ. ಒಂದು ರಾತ್ರಿಯ ರೂಮ್ ಖರ್ಚೂ ಉಳಿಯಿತು. ಅದಕ್ಕಿಂತ ದೊಡ್ಡ ಕಾರಣ, ಈ ರೈಲು ಸಮುದ್ರ ದಾಟುತ್ತೆ! ಮುಖ್ಯ ಭೂಮಿಯ ಕಡೆ, ಲೇಝೌ ಪರ್ಯಾಯ ದ್ವೀಪದ ತುದಿಯಲ್ಲಿ ರೈಲನ್ನು ತುಂಡು ತುಂಡಾಗಿ ಬಿಡಿಸಿ, ಹಡಗಿನ ಹೊಟ್ಟೆಯೊಳಗಿನ ಹಳಿಗಳ ಮೇಲೆ ಸಾಲಾಗಿ ತಳ್ಳುತ್ತಾರೆ. ನಾವು ಬೋಗಿಯಲ್ಲೇ ಕೂತಿರಬೇಕು. ಪ್ರಯಾಣಿಕರ ರೈಲು ಹೀಗೆ ದಾಟಲು ಶುರುವಾಗಿದ್ದು 2004ರ ಕೊನೆಗೆ. ಸಮುದ್ರದ ಮೇಲೆ ಇರುವುದು ಒಂದು ಗಂಟೆಯ ಆಸುಪಾಸು ಅಷ್ಟೇ. ಆದರೆ ಬಿಡಿಸಿ, ಏರಿಸಿ, ಇಳಿಸಿ, ಮತ್ತೆ ಜೋಡಿಸುವುದೆಲ್ಲ ಸೇರಿ ಮೂರು ಗಂಟೆ ಹೋಗುತ್ತೆ. ಅಷ್ಟು ಹೊತ್ತೂ ಟಾಯ್ಲೆಟ್‌ಗೆ ಬೀಗ. ಇದನ್ನು ನಾನು ಮೊದಲೇ ಎಲ್ಲರಿಗೂ ಹೇಳಿದ್ದೆ. ನಂಬದೆ ಎರಡು ಬಾಟಲಿ ಐಸ್ ಟೀ ಕುಡಿದವನು ಪಟ್ಟ ಪಾಡು ನೋಡಿದ ಮೇಲೆ ವಾಪಸ್ ಬರುವಾಗ ಯಾರೂ ನೀರನ್ನೂ ಮುಟ್ಟಲಿಲ್ಲ. ಕಿಟಕಿಯಲ್ಲಿ ಸಮುದ್ರ ಕಾಣುತ್ತೆ ಅಂದುಕೊಳ್ಳಬೇಡಿ, ಕಾಣುವುದು ಹಡಗಿನ ಕಬ್ಬಿಣದ ಗೋಡೆ. ಆದರೂ ಬೋಗಿ ಮೆಲ್ಲಗೆ ತೂಗುವುದು ಗೊತ್ತಾಗುತ್ತೆ. ಆ ಹೊತ್ತಿನಲ್ಲಿ ನಮ್ಮ ಹುಡುಗರೆಲ್ಲ ಮಾತು ನಿಲ್ಲಿಸಿ ಕಿವಿಗೊಟ್ಟು ಕೂತಿದ್ದರು.

ಹೈಕೌದಲ್ಲಿ ಒಂದು ರಾತ್ರಿ ಸಾಕು. ಜನವರಿಯಲ್ಲಿ ಅಲ್ಲಿ ಮೋಡ, ಜಿಟಿಜಿಟಿ ಮಳೆ ಇದ್ದದ್ದೇ. ಚೀಲೌ ಹಳೇ ಬೀದಿ ನೋಡಿ. ಆಗ್ನೇಯ ಏಷ್ಯಾದಲ್ಲಿ ದುಡಿದು ಬಂದವರು ಕಟ್ಟಿಸಿದ ಮನೆಗಳು, ಕೆಳಗೆ ಕಂಬಗಳ ಜಗುಲಿ, ಮಳೆ ಬಂದರೂ ನೆನೆಯದೆ ನಡೆಯಬಹುದು. ಅಲ್ಲಿ ಚಿಂಗ್‌ಬುಲ್ಯಾಂಗ್ ತಿನ್ನಿ, ತೆಂಗಿನ ಹಾಲಿಗೆ ಕಾಳು, ಹಣ್ಣು, ಜೆಲ್ಲಿ ಹಾಕಿದ್ದು. ಸಸ್ಯಾಹಾರಿಗಳು ಮೊದಲೇ ಹೇಳಿಬಿಡಿ, ಅದಕ್ಕೆ ಗೌಜಲ ಹಕ್ಕಿಯ ಮೊಟ್ಟೆ ಹಾಕುವ ರೂಢಿ ಇದೆ.

ಈಗ ವಾನ್ನಿಂಗ್ ವಿಷಯ. ದ್ವೀಪದ ಸುತ್ತ ಫಾಸ್ಟ್ ಟ್ರೈನ್ ಇದೆ. ಪೂರ್ವದ ಅರ್ಧ 2010ರಲ್ಲಿ, ಪಶ್ಚಿಮದ ಅರ್ಧ 2015ರಲ್ಲಿ ಶುರುವಾಗಿ, ಈಗ 650 ಕಿಲೋಮೀಟರ್ ದಾಟಿದ ಪೂರ್ತಿ ಉಂಗುರ. ವಾನ್ನಿಂಗ್ ಪೂರ್ವ ದಡದಲ್ಲಿದೆ. ಸಾನ್ಯಾಗೆ ಮುಕ್ಕಾಲು ಗಂಟೆ ಹೆಚ್ಚುಕಮ್ಮಿ, ಟಿಕೆಟ್ 45ರ ಹತ್ತಿರ. ಬೆಳಗ್ಗೆ ಹೋಗಿ ರಾತ್ರಿ ವಾಪಸ್ ಬಂದು ಮಲಗಬಹುದು. ಸಾನ್ಯಾದಲ್ಲಿ ಒಂದು ಡಬಲ್ ರೂಮಿನ ಬೆಲೆಗೆ ವಾನ್ನಿಂಗಿನಲ್ಲಿ ಅಡುಗೆಮನೆ ಇರುವ ಮೂರು ಬೆಡ್‌ರೂಮಿನ ಮನೆ ಸಿಕ್ಕಿತು. ಚಳಿ ತಪ್ಪಿಸಿಕೊಳ್ಳಲು ಈಶಾನ್ಯ ಚೀನಾದವರು ಕೊಂಡಿಟ್ಟ ಮನೆಗಳು ಹಬ್ಬದ ಮುಂಚೆ ಎಷ್ಟೋ ಖಾಲಿ ಇರುತ್ತವೆ. ನಾವು ಎರಡು ಹಿಡಿದೆವು, ಹುಡುಗಿಯರಿಗೊಂದು, ಹುಡುಗರಿಗೊಂದು. ಒಂದಕ್ಕೆ ರಾತ್ರಿಗೆ 300 ಯುವಾನ್.

ಅಷ್ಟು ಸುಲಭಕ್ಕೇನೂ ಸಿಗಲಿಲ್ಲ. ಮೊದಲು ಮಾತಾಡಿದ ಮನೆಯವರು ನಾವು ವಿದೇಶಿಯರು ಎಂದು ಗೊತ್ತಾದ ಕೂಡಲೇ ಅಡ್ವಾನ್ಸ್ ವಾಪಸ್ ಕಳಿಸಿದರು. ಎರಡನೆಯವರೂ ಅದೇ. ಅವರಿಗೆ ನಮ್ಮ ಮೇಲೆ ಕೋಪವಲ್ಲ, ಪೊಲೀಸ್ ರಿಜಿಸ್ಟ್ರೇಶನ್ ಗೊತ್ತಿರಲ್ಲ. ಹೋಟೆಲಾದರೆ ಅವರೇ ಮಾಡುತ್ತಾರೆ. ಮನೆಯಾದರೆ 24 ಗಂಟೆಯೊಳಗೆ ಠಾಣೆಯಲ್ಲಿ ಎಲ್ಲರ ಹೆಸರೂ ಬರೆಸಬೇಕು. ನಾನು ಎಲ್ಲರ ಪಾಸ್‌ಪೋರ್ಟ್, ರೆಸಿಡೆನ್ಸ್ ಪರ್ಮಿಟ್, ಕಾಲೇಜಿನ ಲೀವ್ ಲೆಟರ್ ಒಂದೇ ಫೈಲಿಗೆ ಸೇರಿಸಿ, ಚೈನೀಸ್‌ನಲ್ಲಿ ಅರ್ಧ ಪುಟದ ಪತ್ರ ಬರೆದು ಮನೆ ಮಾಲೀಕರಿಗೆ ಮೊದಲೇ ಕಳಿಸಿದೆ. ಮೂರನೆಯವರು ಒಪ್ಪಿದರು, ಠಾಣೆಗೂ ತಾವೇ ಕರೆದುಕೊಂಡು ಹೋದರು. ಆ ಪತ್ರದಲ್ಲಿ ಏನು ಬರೆದೆ, ಮನೆಗಳನ್ನು ಯಾವ ಆಪಿನಲ್ಲಿ ಹುಡುಕಿದೆ ಅನ್ನುವುದನ್ನು ಇಲ್ಲಿ ಹಾಕಲ್ಲ. ಹಾಕಿದರೆ ಮುಂದಿನ ವರ್ಷ ನಮಗೇ ಮನೆ ಸಿಗಲ್ಲ. ನಮ್ಮ ಕಾಲೇಜಿನ ಜೂನಿಯರ್‌ಗಳು ಬಂದು ಕೇಳಿದರೆ ಹೇಳುತ್ತೇನೆ.

ಅಡುಗೆಮನೆ ಇದ್ದದ್ದೇ ನಮ್ಮ ಲೆಕ್ಕ ಉಳಿಸಿದ್ದು. ರೈಸ್ ಕುಕ್ಕರ್ ಒಂದು, ಸಾರಿನ ಪುಡಿ, ಹುಣಸೆಹಣ್ಣು, ತೊಗರಿಬೇಳೆ ವುಹಾನಿಂದಲೇ ಹೊತ್ತಿದ್ದೆವು. ಬೆಳಗ್ಗೆ, ರಾತ್ರಿ ಮನೆ ಊಟ. ಊಟಕ್ಕೆ ಒಬ್ಬರಿಗೆ ಒಟ್ಟು 250 ದಾಟಲಿಲ್ಲ. ನಾನೊಂದು ದೋಸೆ ಪ್ರಯೋಗವನ್ನೂ ಮಾಡಿದೆ. ಚಳಿಗಾಲದ ವುಹಾನಿನಲ್ಲಿ ಹಿಟ್ಟು ಎರಡು ದಿನ ಇಟ್ಟರೂ ಉಬ್ಬಲ್ಲ, ಕಂಬಳಿ ಸುತ್ತಿ ಸಾಕಾಗಿದ್ದೆ. ವಾನ್ನಿಂಗಿನಲ್ಲಿ ರಾತ್ರಿ ಇಟ್ಟಿದ್ದು ಬೆಳಗ್ಗೆ ಪಾತ್ರೆಯಿಂದ ಉಕ್ಕಿತ್ತು. ಚಟ್ನಿಗೆ ಕಾಯಿಗೇನೂ ಬರವಿಲ್ಲ, ಆದರೆ ತುರಿಯುವ ಮಣೆ ಇಲ್ಲ. ಸ್ಟೀಲ್ ಚಮಚದ ಅಂಚಿನಲ್ಲಿ ಕೆರೆದೆವು. ಹದಿನಾರು ಜನಕ್ಕೆ ಕೆರೆಯುವಷ್ಟರಲ್ಲಿ ಇಬ್ಬರ ಕೈಯಲ್ಲಿ ಬೊಬ್ಬೆ ಎದ್ದಿತ್ತು. ಮುಂದಿನ ಸಲ ಊರಿಂದ ಈಳಿಗೆಮಣೆ ತರುವುದು ಖಂಡಿತ.

ನನಗೆ ವಾನ್ನಿಂಗ್ ಹಿಡಿಸಿದ್ದಕ್ಕೆ ಇನ್ನೊಂದು ಕಾರಣ ಅಡಿಕೆ. ನಮ್ಮದು ಕೊಪ್ಪದ ಕಡೆ, ಮನೆಯಲ್ಲಿ ತೋಟ ಇದೆ. ರೈಲಿನ ಕಿಟಕಿಯಲ್ಲಿ ಅಡಿಕೆ ಮರ ಶುರುವಾಗಿದ್ದೇ ತಡ, ನಾನು ಎದ್ದು ನಿಂತುಬಿಟ್ಟೆ. ಚೀನಾದ ಅಡಿಕೆ ಹೆಚ್ಚುಕಮ್ಮಿ ಎಲ್ಲವೂ ಹೈನಾನಿನದೇ, ವಾನ್ನಿಂಗ್ ಅದರ ತವರು. ಒಂದು ದಿನ ಸಮುದ್ರ ಬಿಟ್ಟು ತೋಟಗಳ ಕಡೆ ನಡೆದೆ, ನಾಲ್ಕೈದು ಜನ ಜೊತೆಗೆ ಬಂದರು. ಅಲ್ಲಿನ ಹಿರಿಯರು ಹಸಿ ಅಡಿಕೆ ಸೀಳಿ, ಸುಣ್ಣ ಹಚ್ಚಿದ ವೀಳ್ಯದೆಲೆ ಜೊತೆ ಕೊಟ್ಟರು. ಅಲ್ಲಿಯವರೆಗೆ ನಮ್ಮೂರೇ. ಬೇರೆಯಾಗುವುದು ಆಮೇಲೆ. ಬಹುಪಾಲು ಬೆಳೆಯನ್ನು ಎಳೆಯದಾಗಿರುವಾಗಲೇ ಕೊಯ್ದು, ಒಣಗಿಸಿ, ಹುನಾನ್ ಪ್ರಾಂತ್ಯಕ್ಕೆ ಕಳಿಸುತ್ತಾರೆ. ಅಲ್ಲಿ ಒಳಗಿನ ತಿರುಳು ತೆಗೆದು ಸಿಪ್ಪೆಯನ್ನು ಜಗಿಯುತ್ತಾರೆ. ನಾವು ಸುಲಿದು ತೋಟಕ್ಕೆ ಎಸೆಯುವ ಸಿಪ್ಪೆಗೇ ಅಲ್ಲಿ ದುಡ್ಡು! ಮರಗಳಲ್ಲಿ ಹಳದಿ ಎಲೆ ರೋಗವೂ ಕಂಡಿತು. ಶೃಂಗೇರಿ, ಕೊಪ್ಪದವರಿಗೆ ಆ ಬಣ್ಣ ದೂರದಿಂದಲೇ ಗೊತ್ತಾಗುತ್ತೆ. ಔಷಧ ಏನು ಹೊಡೀತೀರಿ ಎಂದು ಕೇಳಿದೆ. ಅವರು ಕೈ ತಿರುವಿದರು. ಅಪ್ಪನಿಗೆ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದೆ, ಅಪ್ಪನೂ ಆ ತೋಟದ ಹಿರಿಯರೂ ಭಾಷೆ ಬಾರದೆಯೇ ಸೋಗೆ ತೋರಿಸಿಕೊಂಡು ಹತ್ತು ನಿಮಿಷ ಮಾತಾಡಿದರು. ಡಾಕ್ಟರ್ ಆಗುವವನಾಗಿ ಜಗಿಯಿರಿ ಎಂದು ಹೇಳಲಾರೆ. ಅಡಿಕೆಯಿಂದ ಬಾಯಿ ಕ್ಯಾನ್ಸರ್ ಬರುತ್ತೆ ಎಂದು ನಮ್ಮ ಪಠ್ಯದಲ್ಲೇ ಇದೆ. 2021ರಲ್ಲಿ ಚೀನಾದಲ್ಲಿ ಟಿವಿ, ರೇಡಿಯೋ ಜಾಹೀರಾತನ್ನೂ ನಿಲ್ಲಿಸಿದ್ದಾರೆ. ಆದರೆ ತೋಟದವರ ಸಂಕಟ ಎರಡೂ ಕಡೆ ಒಂದೇ, ಅದನ್ನು ನೋಡಿ ಬಂದಿದ್ದಕ್ಕೆ ನನಗೆ ಸಮಾಧಾನ ಇದೆ.

ಸಾನ್ಯಾಗೆ ಎರಡು ಮೂರು ದಿನ ಹೋಗಿ ಬಂದೆವು. ಈಜುವುದು ಅಲ್ಲೇ. ಬೆಟ್ಟಗಳು ಉತ್ತರದ ಗಾಳಿ ತಡೆಯುವುದರಿಂದ ನೀರು ಬೆಚ್ಚಗಿರುತ್ತೆ. ಯಾಲೊಂಗ್ ಕೊಲ್ಲಿ, ದಾದೊಂಗ್‌ಹಾಯ್ ಎರಡೂ ಕಡೆ ಮರಳಿಗೆ ಇಳಿಯಲು ದುಡ್ಡಿಲ್ಲ. ನಾನ್‌ಶಾನಿನ 108 ಮೀಟರ್ ಎತ್ತರದ, ಬೌದ್ಧರ ಕರುಣೆಯ ದೇವತೆ ಗ್ವಾನ್‌ಯಿನ್ ವಿಗ್ರಹ ನೋಡಲು ಟಿಕೆಟ್ ಇದೆ, ವಿದ್ಯಾರ್ಥಿ ಕಾರ್ಡ್ ತೋರಿಸಿದ್ದಕ್ಕೆ ನಮಗೆ ಅರ್ಧಕ್ಕೆ ಸಿಕ್ಕಿತು. ಮೂರು ಮುಖ, ಒಂದು ನೆಲದ ಕಡೆ, ಎರಡು ಸಮುದ್ರದ ಕಡೆ. ವಾನ್ನಿಂಗಿನ ರಿಯುವೆ ಕೊಲ್ಲಿಯಲ್ಲಿ ಮಾತ್ರ ಈಜಲು ಹೋಗಬೇಡಿ. ಚಳಿಗಾಲದಲ್ಲಿ ಅಲೆ ಜೋರು, ಅದು ಸರ್ಫಿಂಗ್ ಮಾಡುವವರ ಜಾಗ. ನಮ್ಮಲ್ಲಿ ಮೂವರು ಬೋರ್ಡ್ ಬಾಡಿಗೆಗೆ ತಗೊಂಡು ಒಂದು ಗಂಟೆ ಒದ್ದಾಡಿದರು, ಎದ್ದು ನಿಂತಿದ್ದು ಒಬ್ಬಳೇ.

ಏಜೆಂಟ್ ಗುಂಪಿನವರನ್ನು ಆಮೇಲೆ ಕೇಳಿದೆ. ದಿನಕ್ಕೆ ಎರಡು ಅಂಗಡಿಗೆ ಕರೆದುಕೊಂಡು ಹೋಗಿ, ಹರಳು, ಮುತ್ತು ಕೊಳ್ಳುವವರೆಗೆ ಬಸ್ಸು ಹೊರಡುತ್ತಿರಲಿಲ್ಲವಂತೆ. ನಮ್ಮ ದುಡ್ಡು ಹೋಗಿದ್ದು ಹೀಗೆ: ಎರಡೂ ಕಡೆ ರೈಲಿಗೆ 850, ದ್ವೀಪದೊಳಗಿನ ರೈಲಿಗೆ 300, ಮನೆಗೆ 270ರ ಹತ್ತಿರ, ಊಟಕ್ಕೆ 250, ಮಿಕ್ಕಿದ್ದು ಟಿಕೆಟ್, ಎಳನೀರು, ಸಿಟಿ ಬಸ್ಸು. ಎಲ್ಲ ಬಿಲ್ಲನ್ನೂ ಗ್ರೂಪಿಗೆ ಆಯಾ ರಾತ್ರಿಯೇ ಹಾಕುತ್ತಿದ್ದೆ. ವಾಪಸ್ ಬಂದ ಮೇಲೆ ಒಬ್ಬೊಬ್ಬರಿಗೂ 40 ಚಿಲ್ಲರೆ ಹಿಂದಿರುಗಿಸಿದೆ. ಪ್ಲಾನ್ ತಳ್ಳಿಹಾಕಿದ್ದ ನನ್ನ ಬ್ಯಾಚಿನವರು ಮುಂದಿನ ಜನವರಿಗೆ ಈಗಲೇ ಹೆಸರು ಕೊಟ್ಟಿದ್ದಾರೆ. ಈ ಸಲ ಅಡ್ವಾನ್ಸ್ 700.