ಕೈಯೂರದೆ ಎದ್ದೇಳುವ ಬಲ: ಮನೆಯಲ್ಲೇ ಅಳೆಯಿರಿ, ಮನೆಯಲ್ಲೇ ಬೆಳೆಸಿ

ವಯಸ್ಸಾದವರಿಗೆ ನಾವು ಹೇಳುವುದು ಒಂದೇ ವ್ಯಾಯಾಮ: ವಾಕಿಂಗ್. ನಡಿಗೆ ಒಳ್ಳೆಯದೇ. ಆದರೆ ದಿನಾ ಪಾರ್ಕಿಗೆ ಸುತ್ತು ಹಾಕುವ ಅಪ್ಪ ಸೋಫಾದಿಂದ ಏಳುವಾಗ ಎರಡೂ ಅಂಗೈಗಳನ್ನು ಮಂಡಿಗೆ ಒತ್ತಿ, ಒಮ್ಮೆ ಮುಂದಕ್ಕೆ ತೂಗಿ, 'ಅಮ್ಮಾ' ಎಂದು ಏಳುತ್ತಿದ್ದರೆ ತೊಡೆಯ ಬಲ ಕುಗ್ಗುತ್ತಿದೆ ಎಂದೇ ತಿಳಿಯಬೇಕು. ಶೌಚಾಲಯ, ಮಂಚ, ಬಸ್ಸಿನ ಮೊದಲ ಮೆಟ್ಟಿಲು: ಇನ್ನೊಬ್ಬರ ಆಸರೆ ಬೇಕಾಗುವುದು ಮೊದಲು ಇಂಥ ಕಡೆಗಳಲ್ಲೇ.

ಕುಗ್ಗಿದ ಬಲ ಮತ್ತೆ ಬರುತ್ತದೆ. 1990ರಲ್ಲಿ ಪ್ರಕಟವಾದ ಬೋಸ್ಟನ್‌ನ ಅಧ್ಯಯನವೊಂದರಲ್ಲಿ ಆರೈಕೆ ಕೇಂದ್ರದಲ್ಲಿದ್ದ, ಸುಮಾರು 90 ವರ್ಷದವರಿಗೆ 8 ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಅವರ ಕಾಲಿನ ಬಲ ಸರಾಸರಿ 174 ಶೇಕಡಾ ಹೆಚ್ಚಿತು. 90ರಲ್ಲಿ ಆಗುವುದಾದರೆ 70ರಲ್ಲಿ ಯಾಕಾಗದು?

ಮೊದಲು ಅಳತೆ. ಕೈಯಿಲ್ಲದ, ಕೂರುವ ಜಾಗ ನೆಲದಿಂದ ಸುಮಾರು 43 ಸೆಂ.ಮೀ. ಎತ್ತರವಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ನುಣುಪು ನೆಲದಲ್ಲಿ ಜಾರುತ್ತದೆ. ನಡುವೆ ಕುಳಿತು, ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ಕಟ್ಟಿಕೊಳ್ಳಲಿ. ಮೊಬೈಲಿನಲ್ಲಿ 30 ಸೆಕೆಂಡ್ ಇಟ್ಟು, ಅಷ್ಟರಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ, ಎಣಿಸಿ. ಕೈಯೂರಿದರೆ ಲೆಕ್ಕ ಸೊನ್ನೆ. 65ರಿಂದ 69 ವರ್ಷದ ಗಂಡಸರು 12ಕ್ಕಿಂತ, ಹೆಂಗಸರು 11ಕ್ಕಿಂತ ಕಡಿಮೆ ಮಾಡಿದರೆ ಬೀಳುವ ಅಪಾಯ ಹೆಚ್ಚು. 70ರಿಂದ 74ರಲ್ಲಿ ಈ ಗಡಿ 12 ಮತ್ತು 10. 80ರಿಂದ 84ರಲ್ಲಿ 10 ಮತ್ತು 9.

ಎದೆನೋವು, ತಲೆಸುತ್ತು ಇರುವವರು, ಇತ್ತೀಚೆಗೆ ಆಪರೇಷನ್ ಆದವರು ಇದನ್ನು ಮಾಡುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ಆಮೇಲೆ ಅಭ್ಯಾಸ. ಏಳಲು ಕಷ್ಟವಾದರೆ ಕುರ್ಚಿಯ ಮೇಲೆ ಜಮಖಾನೆ ಮಡಚಿ ಹಾಸಿ ಕೂರುವ ಜಾಗವನ್ನು ಎತ್ತರಿಸಿ. ಬಲ ಬಂದ ಹಾಗೆ ಒಂದೊಂದು ಮಡಿಕೆ ತೆಗೆಯಿರಿ. ಪಾದಗಳನ್ನು ಸ್ವಲ್ಪ ಹಿಂದಕ್ಕೆಳೆದು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಏಳಬೇಕು. ಉಸಿರು ಕಟ್ಟಬಾರದು. ಹೆಚ್ಚಿನವರು ಏಳುವುದಕ್ಕೆ ಮಾತ್ರ ಗಮನ ಕೊಟ್ಟು, ಕೂರುವಾಗ ದೊಪ್ಪನೆ ಬೀಳುತ್ತಾರೆ. ಅರ್ಧ ಲಾಭ ಅಲ್ಲೇ ಹೋಗುತ್ತದೆ. ಒಂದರಿಂದ ನಾಲ್ಕು ಎಣಿಸುತ್ತಾ ನಿಧಾನ ಇಳಿಯಿರಿ. ತೊಡೆ ನಡುಗಿದರೆ ಸ್ನಾಯು ದುಡಿಯುತ್ತಿದೆ ಎಂದೇ ಅರ್ಥ. ಎಂಟು ಸಲ ಮಾಡಿ, ಸುಧಾರಿಸಿಕೊಂಡು, ಮತ್ತೆ ಎಂಟು.

ಬಲದ ವ್ಯಾಯಾಮ ವಾರಕ್ಕೆ ಕನಿಷ್ಠ 2 ದಿನ, ಸಮತೋಲನದ್ದು 3 ದಿನ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಸಮತೋಲನಕ್ಕೆ ಅಡುಗೆಮನೆಯ ಕಟ್ಟೆ ಸಾಕು: ಅದನ್ನು ಹಿಡಿದು ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ 10 ಸೆಕೆಂಡ್ ನಿಲ್ಲುವುದು.

ಹಾಗೆಂದು ನಡಿಗೆ ಬಿಡಬೇಡಿ. 70ರಿಂದ 89 ವರ್ಷದ 1,635 ಜನರ ಮೇಲೆ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿಗೆ ನಡಿಗೆಯ ಜೊತೆ ಬಲ, ಸಮತೋಲನದ ವ್ಯಾಯಾಮ ಸೇರಿಸಿ ಮಾಡಿಸಿದ್ದರು. ಇನ್ನೊಂದು ಗುಂಪಿಗೆ ಆರೋಗ್ಯದ ಪಾಠ ಮಾತ್ರ. 400 ಮೀಟರ್ ನಡೆಯಲಾಗದ ಸ್ಥಿತಿಗೆ ಬಂದವರು ಮೊದಲ ಗುಂಪಿನಲ್ಲಿ 30.1 ಶೇಕಡಾ, ಎರಡನೆಯದರಲ್ಲಿ 35.5.

ಮನೆಯವರಿಗೊಂದು ಮಾತು. ಅಜ್ಜಿ ಏಳಲು ಹೊರಟ ಕೂಡಲೇ ಓಡಿಹೋಗಿ ರಟ್ಟೆ ಹಿಡಿದು ಎತ್ತಬೇಡಿ. ಪ್ರೀತಿಯಿಂದಲೇ ಮಾಡುತ್ತೀರಿ, ನಿಜ. ಆದರೆ ದಿನಕ್ಕೆ ಹತ್ತಾರು ಸಲ ಅವರ ಕಾಲಿಗೆ ಸಿಗಬೇಕಾದ ಕೆಲಸವನ್ನು ನಿಮ್ಮ ಕೈ ಕಸಿದುಕೊಳ್ಳುತ್ತದೆ. ಪಕ್ಕದಲ್ಲಿ ನಿಲ್ಲಿ, ವಾಲಿದರೆ ಹಿಡಿಯಿರಿ. ಏಳಲು ಅವರಿಗೆ ಬೇಕಾದಷ್ಟು ಹೊತ್ತು ಬಿಡಿ.

ತಿಂಗಳಿಗೊಮ್ಮೆ ಅದೇ ಕುರ್ಚಿಯಲ್ಲಿ ಮತ್ತೆ 30 ಸೆಕೆಂಡ್ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಎಣಿಕೆ ಏಕಾಏಕಿ ಇಳಿದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗದೆ, ಆ ಹಾಳೆ ಹಿಡಿದೇ ಡಾಕ್ಟರ ಬಳಿ ಹೋಗಿ.