ಸಿಟಿಯ ಜಮೀನು ಪಕ್ಕದ ಕೌಂಟಿಲಿದ್ರೆ ಟ್ಯಾಕ್ಸ್ ಬೀಳುತ್ತಾ? ನೋಡೋದು ಹೀಗೆ

ಕ್ಯಾಲಿಫೋರ್ನಿಯಾದಲ್ಲಿ ಸಿಟಿಜನ್ ಆಗಿ ಮೊದಲ ಸಲ ವೋಟ್ ಹಾಕೋ ನಮ್ಮೋರಿಗೆ ಮನೆಗೆ ಬರೋ ವೋಟರ್ ಗೈಡ್ ನೋಡಿದ್ರೇನೇ ತಲೆ ತಿರುಗುತ್ತೆ, ಯಾಕಂದ್ರೆ ಅಲ್ಲಿ ರಾಜ್ಯದ ಸಂವಿಧಾನ ತಿದ್ದೋಕೂ ಜನಾನೇ ಎಸ್ ಅಥವಾ ನೋ ಅನ್ಬೇಕು. ಸರ್ಕಾರಿ ಜಮೀನಿನ ಟ್ಯಾಕ್ಸ್ ವಿಷಯ ಬಂದ್ರೆ ಎಲ್ಲಿಂದ ಓದೋದು?

ಮೊದಲು ಜಮೀನು ಯಾರದ್ದು, ಎಲ್ಲಿದೆ ನೋಡಿ. ಸಿಟಿ ಜಮೀನು ಸಿಟಿ ಒಳಗೇ ಇದ್ರೆ ಟ್ಯಾಕ್ಸ್ ಇಲ್ಲ, ಅಲ್ಲಿಗೆ ಮುಗೀತು. ಗಡಿ ಆಚೆ ಇದ್ರೇನೇ ತಕರಾರು. ಲಾಸ್ ಏಂಜಲೀಸ್ ನೀರಿಗೋಸ್ಕರ ಓವೆನ್ಸ್ ಕಣಿವೆಲಿ ರೈತರ ಜಮೀನು ಕೊಂಡು 1913ರಲ್ಲಿ 200 ಮೈಲಿಗೂ ಉದ್ದದ ಕಾಲುವೇಲಿ ನೀರು ತಂತು (ನಮ್ಮ ಬೆಂಗಳೂರಿಗೆ ತೊರೆಕಾಡನಹಳ್ಳಿಯಿಂದ ಕಾವೇರಿ ಬರೋ ಹಾಗೆ ಅನ್ಕೊಳ್ಳಿ, ಆದ್ರೆ ದೂರ ಇನ್ನೂ ಜಾಸ್ತಿ). ಜಮೀನೆಲ್ಲ ಸರ್ಕಾರದ್ದಾದ್ರೆ ಆ ಕಣಿವೆ ಇರೋ ಇನ್ಯೋ ಕೌಂಟಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ತನ್ನ ಸ್ಕೂಲು ರಸ್ತೆಗೆ ದುಡ್ಡು ಎಲ್ಲಿಂದ ತರೋದು?

ಎರಡನೇದು, ನನ್ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು: ಸಿಟಿ ಕೊಂಡಾಗ ಆ ಜಮೀನಿಗೆ ಟ್ಯಾಕ್ಸ್ ಇತ್ತಾ? 1914ರಲ್ಲಿ ಜನ ವೋಟ್ ಹಾಕಿ ತಂದ ತಿದ್ದುಪಡಿ ಹೇಳಿದ್ದು ಇಷ್ಟೇ, ಇದ್ರೆ ಮುಂದೂ ಕಟ್ಟಿ. ಇನ್ಯೋ, ಮೋನೋ ಕೌಂಟಿಗಳಿಗೆ ಮಾತ್ರ ಆಮೇಲೆ ಬೇರೆ ಅಳತೆ ಬಂತು, ಇನ್ಯೋದಲ್ಲಿ 1966ರ, ಮೋನೋದಲ್ಲಿ 1967ರ ಟ್ಯಾಕ್ಸ್ ಪಟ್ಟೀಲಿ ಆ ಜಮೀನು ಇತ್ತಾ ನೋಡ್ಬೇಕು.

ಆಮೇಲೆ ಕಟ್ಟಡ. ಕೊಂಡಾಗ ಟ್ಯಾಕ್ಸ್ ಇದ್ದ ಹಳೇ ಕೊಟ್ಟಿಗೆ ಕೆಡವಿ ಅದರ ಬದಲಿಗೆ ಹೊಸದು ಕಟ್ಟಿದ್ರೆ ಟ್ಯಾಕ್ಸ್ ಉಂಟು, ಖಾಲಿ ಜಾಗದಲ್ಲಿ ಸಿಟಿಯೇ ಹೊಸದಾಗಿ ಪಂಪ್‌ಹೌಸ್ ಕಟ್ಟಿದ್ರೆ ಇಲ್ಲ.

ಕೊನೇದು ಬೆಲೆ, ತಲೆನೋವೆಲ್ಲ ಇಲ್ಲೇ. ಕಣಿವೆಲಿ ಮಾರೋಕಾಗೋ ಜಮೀನೆಲ್ಲ ಹೆಚ್ಚುಕಮ್ಮಿ ಒಬ್ಬರ ಕೈಲೇ ಇದ್ರೆ ಮಾರ್ಕೆಟ್ ರೇಟ್ ಅಂತ ಯಾವುದನ್ನ ಹೇಳ್ತೀರಾ? ನೀರಿನ ಹಕ್ಕಿಗೆ ಎಷ್ಟು ಕಟ್ತೀರಾ? ಅದಕ್ಕೇ 1968ರಲ್ಲಿ ಒಂದು ಫಾರ್ಮುಲಾ ಬ್ಯಾಲೆಟ್‌ಗೆ ಬಂದು ಪಾಸಾಯ್ತು: ಇನ್ಯೋದಲ್ಲಿ ಟ್ಯಾಕ್ಸ್‌ಗಾಗಿ 1966ರಲ್ಲಿ ಕಟ್ಟಿದ ಬೆಲೆ ತಗೊಳ್ಳಿ, ಇಡೀ ರಾಜ್ಯದ ಜಮೀನಿಗೆ ಹಾಗೇ ಕಟ್ಟಿದ ಬೆಲೆ ತಲಾ ಒಬ್ಬರಿಗೆ ಎಷ್ಟಾಗುತ್ತೋ ಅದನ್ನ 766 ಡಾಲರ್‌ನಿಂದ ಭಾಗಿಸಿ, ಬಂದಿದ್ರಿಂದ ಗುಣಿಸಿ. ಲೆಕ್ಕಕ್ಕೆ ಹೇಳೋದಾದ್ರೆ ತಲಾ ಬೆಲೆ 7,660 ಆದ್ರೆ 10 ಪಟ್ಟು, ಅಂದಿನ 5,000 ಡಾಲರ್ ಜಮೀನು 50,000 ಆಯ್ತು. ನೀರು ಹೋಗಿ ಆ ಹೊಲ ಒಣಗಿ ಬಿದ್ದಿದ್ರೂ ಲೆಕ್ಕ ಇದೇ, ಊರೋರಿಗೆ ಇದು ಒಳ್ಳೇದೇ ಆಯ್ತು ಅನ್ಸುತ್ತೆ ನಂಗೆ. ಗುಣಿಸೋ ಅಂಕಿನ ನೀವು ಹುಡುಕೋದು ಬೇಡ, ಸ್ಟೇಟ್ ಬೋರ್ಡ್ ಆಫ್ ಈಕ್ವಲೈಸೇಶನ್ (ರಾಜ್ಯದ ಟ್ಯಾಕ್ಸ್ ಮಂಡಳಿ) ಪ್ರತಿ ವರ್ಷ ಕೌಂಟಿಗಳಿಗೆ ಕಳಿಸುತ್ತೆ.